ಅಂಚಿನ ಮರಗಳು

ಜೂನ್ ೯

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾವಿಬ್ಬರೂ ಇದ್ದೇವೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ, ಮಲಗುತ್ತೇವೆ, ಏಳುತ್ತೇವೆ. ಅಲ್ಲಿ ನೀನು, ಭಾವ, ಮಗಳು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ‘ಇಲ್ಲಿ ಎಲ್ಲ ಕ್ಷೇಮ’ ಎಂಬ ಸಾಲು ದಾಟಿ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಪಾಡು ನನಗೆ ಗೊತ್ತಿಲ್ಲವೇ? ಹೋದ ಸಲ ನಾನು ‘ಸೊಂಟ ನೋವು’ ಅಂದರೆ ನೀನು ‘ಅಯ್ಯೋ, ಯಾರ ಮನೇಲಿ ಸಾವು?’ ಅಂದೆ. ನಾನು ಕಿರುಚಿದ್ದು ಪಕ್ಕದ ಮನೆಯವರಿಗೆಲ್ಲ ಕೇಳಿಸಿತು, ನಿನಗೊಬ್ಬಳಿಗೆ ಕೇಳಿಸಲಿಲ್ಲ. ಕಿವಿಯ ಮೆಷಿನ್ನು ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಅದೂ ಒಡವೆಯ ಹಾಗೆ ಬೀರು ಸೇರಿತಾ?

ನನ್ನ ಕೆಲಸ ಹಾಗೇ ನಡೆದಿದೆ. ಲಾಂಡ್ರಿಗೆ ಈಗ ದೊಡ್ಡ ಹೋಟೆಲೊಂದರ ಹಾಸಿಗೆ ಬಟ್ಟೆಗಳು ಬರುತ್ತವೆ. ಬೆಳಗಿನಿಂದ ಸಂಜೆಯವರೆಗೆ ಬರೀ ಬಿಳಿ. ಇಬ್ಬರು ಎರಡು ತುದಿ ಹಿಡಿದು ಜಾಡಿಸಬೇಕು, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು, ಮತ್ತೆ ಹಿಂದಕ್ಕೆ ಸರಿಯಬೇಕು. ಬಿಸಿ ಇಸ್ತ್ರಿ ಉರುಳೆಯ ಪಕ್ಕ ನಿಂತು ನಿಂತು ನನ್ನ ಬೆರಳ ತುದಿಗಳಿಗೆ ಈಗ ಬಿಸಿ ತಿಳಿಯುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತೇನೆ. ಲಾಂಡ್ರಿಯ ಮಾಲಕಿ, ನಾವೆಲ್ಲ ದೊಡ್ಡಮ್ಮ ಎನ್ನುವವರು, ‘ಇಕ್ಕಳ ಬೇಡದ ಹೆಂಗಸು’ ಎಂದು ನಗುತ್ತಾರೆ.

ಇನ್ನು ಇವರ ಸುದ್ದಿ ಕೇಳಿದ್ದೀಯ. ಅಂಗಡಿ ಇದ್ದ ಕಟ್ಟಡ ಕೆಡವಿದ ಮೇಲೆ ರಿಪೇರಿಯ ಬೆಂಚನ್ನು ಮನೆಯ ಮುಂದಿನ ಕೋಣೆಗೇ ತಂದು ಹಾಕಿಕೊಂಡಿದ್ದಾರೆ. ಟಿವಿ ಕೆಟ್ಟರೆ ಈಗ ಯಾರೂ ರಿಪೇರಿ ಮಾಡಿಸುವುದಿಲ್ಲ, ಹೊಸದು ತರುತ್ತಾರೆ. ಬರುವುದು ಒಂದೊಂದು ರೇಡಿಯೋ, ಯಾರದೋ ಫ್ಯಾನು. ದೀಪ ಕಟ್ಟಿದ ಭೂತಗನ್ನಡಿಯ ಕೆಳಗೆ ತಲೆ ಬಗ್ಗಿಸಿ ಕೂತರೆ ಕೂದಲಿನಂಥ ತಂತಿಯನ್ನೂ ಇವರು ಬೆಸೆಯಬಲ್ಲರು. ಆ ಕಣ್ಣಿನ ಬಗ್ಗೆ ಇವರಿಗೆ ಇಂದಿಗೂ ಜಂಬ. ಉಳಿದ ಹೊತ್ತೆಲ್ಲ ಆಟ. ನಗಬೇಡ, ಐವತ್ತು ದಾಟಿದವರು ಆಟವಾಡುತ್ತಿದ್ದಾರೆ.

ಮದುವೆಯಾದ ಹೊಸತರಲ್ಲಿ ನಮ್ಮಲ್ಲಿ ಒಂದು ಆಟದ ಡಬ್ಬಿ ಇದ್ದದ್ದು ನಿನಗೆ ನೆನಪಿರಬೇಕು. ಯಾರೋ ಗಿರಾಕಿ ರಿಪೇರಿಗೆ ಕೊಟ್ಟು ಊರು ಬಿಟ್ಟುಹೋಗಿದ್ದರು. ಟಿವಿಗೆ ಸಿಕ್ಕಿಸಿದರೆ ದೋಣಿಯ ಆಟ ಬರುತ್ತಿತ್ತು. ನದಿ, ಎರಡು ದಡಗಳಲ್ಲಿ ಮರಗಳು, ಇಬ್ಬರಿಗೆ ಎರಡು ದೋಣಿ. ನನ್ನದು ಹಳದಿ, ಇವರದು ಕೆಂಪು. ಮಕ್ಕಳಿಲ್ಲದ ಮನೆಯಲ್ಲಿ ಇದೆಂಥ ಆಟಿಕೆ ಎಂದು ಅತ್ತೆ ಗೊಣಗುತ್ತಿದ್ದರು. ನೀನು ಬಂದಾಗ ಆಡಲು ಕೂತು ದೋಣಿಯನ್ನು ಹಿಂದಕ್ಕೆ ಓಡಿಸಿದ್ದೆ.

ಆ ಡಬ್ಬಿ ಈ ಚಳಿಗಾಲದಲ್ಲಿ ಕೊನೆಯುಸಿರೆಳೆಯಿತು. ಒಳಗಿನ ಚಿಪ್ಪೇ ಸುಟ್ಟಿತ್ತು. ಇವರು ಒಂದು ವಸ್ತುವಿನ ಮುಂದೆ ಕೈಚೆಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಯಾರಿಂದಲೋ ಕೇಳಿ ಬಂದರು: ಎಮ್ಯುಲೇಟರ್ ಅಂತ ಒಂದು ಪ್ರೋಗ್ರಾಮು ಇದೆಯಂತೆ, ಅದನ್ನು ಹಾಕಿದರೆ ಕಂಪ್ಯೂಟರು ಆ ಹಳೆಯ ಡಬ್ಬಿಯ ವೇಷ ಹಾಕಿಕೊಂಡು ಹಳೆಯ ಆಟಗಳನ್ನೆಲ್ಲ ಆಡಿಸುತ್ತದಂತೆ. ಹಳೆಯದೊಂದು ಕಂಪ್ಯೂಟರನ್ನು ತಾವೇ ಜೋಡಿಸಿದರು, ಅಗಲವಾದ ದೊಡ್ಡ ಪರದೆಯೊಂದನ್ನು ತಂದು ಬೆಂಚಿನ ಮೇಲಿಟ್ಟರು.

ವೇಷವೇನೋ ಬಂತು, ಆದರೆ ಸೊಟ್ಟಪಟ್ಟ. ಮೊದಲ ದಿನ ಆಕಾಶ ಕಪ್ಪು. ನೀರಿರಬೇಕಾದ ಕಡೆ ನೇರಳೆ ಬಣ್ಣದ ಚೌಕಗಳು. ದೋಣಿಯವನಿಗೆ ತಲೆಯೇ ಇಲ್ಲ, ಟೋಪಿ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ನಾನು ಹಾದುಹೋಗುವಾಗ ನೋಡಿ ನಕ್ಕೆ. ಇವರು ನಗಲಿಲ್ಲ. ‘ಡ್ರೈವರ್ ಹಳೇದಾಗಿದೆ’ ಎಂದರು. ಕಂಪ್ಯೂಟರಿಗೂ ಡ್ರೈವರ್ ಇಟ್ಟಿದ್ದಾರಾ ಎಂದು ಕೇಳಿದೆ. 

ಅಂತೂ ಒಂದೊಂದಾಗಿ ಸರಿಮಾಡಿದರು. ಡ್ರೈವರ್ ಅಂದರೆ ಪರದೆಗೆ ಚಿತ್ರ ಕಳಿಸುವ ಪ್ರೋಗ್ರಾಮಂತೆ, ಅದನ್ನು ಹೊಸದು ಹಾಕಿದ ಮೇಲೆ ಆಕಾಶ ನೀಲಿಯಾಯಿತು. ಚಿತ್ರ ಬಿಡಿಸುವ ಪ್ಲಗಿನ್ ಎಂಬ ಇನ್ನೊಂದು ತುಣುಕನ್ನು ಬದಲಾಯಿಸಿದಾಗ ದೋಣಿಯವನಿಗೆ ತಲೆ ಬಂತು. ಚಿತ್ರ ನುಣುಪಾಗಲಿ ಎಂದು ರೆಸಲ್ಯೂಷನ್ ಏರಿಸಿದ್ದರಿಂದಲೇ ನೀರಿನಲ್ಲಿ ಸೀಳುಗಳು ಕಾಣುತ್ತಿದ್ದವಂತೆ, ಅದನ್ನು ಮೊದಲಿನಂತೆ ಇಳಿಸಿದಾಗ ನೀರು ನೀರಾಯಿತು. ‘ಒಂದ್ಸಲಕ್ಕೆ ಒಂದೇ ಸೆಟ್ಟಿಂಗ್ ಮುಟ್ಟಬೇಕು. ಎರಡು ಮುಟ್ಟಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ’ ಎಂದು ಹೇಳಿದರು. ನನಗೆ ಹೇಳಿದ್ದಲ್ಲ ಅಕ್ಕ, ಪರದೆಗೆ.

ಈಗ ಉಳಿದಿರುವುದು ಒಂದೇ ದೋಷ. ದಡದ ಮರಗಳು ಸರಿಯಾಗಿ ಬರುತ್ತಿಲ್ಲವಂತೆ. ದೋಣಿ ಮುಂದೆ ಹೋಗುತ್ತಿದ್ದ ಹಾಗೆ ಮರಗಳು ಇದ್ದಕ್ಕಿದ್ದಂತೆ ಹುಟ್ಟುತ್ತವಂತೆ, ಅಂಚಿಗೆ ಹೋಗುವ ಮೊದಲೇ ಮಾಯವಾಗುತ್ತವಂತೆ. ಅಂತರ್ಜಾಲದಲ್ಲಿ ಇಂಥ ಹಳೆಯ ಆಟದ ಹುಚ್ಚಿರುವವರ ಒಂದು ಕಟ್ಟೆಯಿದೆ. ಅಲ್ಲಿ ‘ಬೂದುಬೆಕ್ಕು’ ಎಂದು ಹೆಸರಿಟ್ಟುಕೊಂಡ ಯಾರೋ ಒಬ್ಬರು ಇವರಿಗೆ ಬಹಳ ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಹಳೆಯ ಆಟವನ್ನು ಅಗಲ ಪರದೆಗೆ ಹಿಗ್ಗಿಸಿದರೆ ಹಾಗಾಗುತ್ತದೆ, ಆಟಕ್ಕೆ ಗೊತ್ತಿರುವಷ್ಟು ಅಗಲ ಮಾತ್ರ ಅದು ಮರ ನೆಡುತ್ತದೆ, ಹಿಗ್ಗಿಸುವುದನ್ನು ನಿಲ್ಲಿಸಿ ಎಂದು ಬೂದುಬೆಕ್ಕು ಬರೆದರು. ಇವರು ನಿಲ್ಲಿಸಿದರು. ಮರಗಳು ಆಗಲೂ ಮಾಯ. ಪರದೆಯ ಚಿತ್ರ ತೆಗೆದು ಕಳಿಸಿ ಎಂದು ಬೂದುಬೆಕ್ಕು ಕೇಳಿದರು, ಇವರು ಕಳಿಸಿದರು. ‘ಎಲ್ಲಾ ಮರಗಳೂ ಇವೆಯಲ್ಲ, ಏನು ಕಾಣೆಯಾಗಿದೆ?’ ಎಂದು ಮರುದಿನ ಉತ್ತರ. ಇವರು ತಾವೂ ಆ ಚಿತ್ರವನ್ನು ನೋಡಿ ತಲೆ ಕೆರೆದುಕೊಂಡರು. ‘ಫೋಟೋ ತೆಗೆದ್ರೆ ಇದೆ, ಆಡಿದ್ರೆ ಇಲ್ಲ. ಎಂಥ ಕಳ್ಳ ದೋಷ ಇದು!’

ನನ್ನನ್ನೂ ಒಮ್ಮೆ ಕರೆದು ತೋರಿಸಿದರು. ನಾನು ಬೆನ್ನ ಹಿಂದೆ ನಿಂತು ನೋಡಿದೆ. ಎರಡು ದಡದಲ್ಲೂ ಮರಗಳು ಸಾಲಾಗಿ ನಿಂತಿದ್ದವು. ‘ಇವೆಯಲ್ಲ’ ಎಂದೆ. ‘ನೀನು ಸರಿಯಾಗಿ ನೋಡ್ತಿಲ್ಲ’ ಎಂದರು. ಅಷ್ಟರಲ್ಲಿ ಇವರ ದೋಣಿ ದಡಕ್ಕೆ ಬಡಿಯಿತು, ಸೋತರು. ಕುಣೀಲಾರದವಳು ನೆಲ ಡೊಂಕು ಅಂದಳಂತೆ, ಎಂದು ಹೇಳಿ ಒಳಗೆ ಬಂದುಬಿಟ್ಟೆ.

‘ಮಾತಾಡ್ತಾನಾ?’ ಎಂದು ಕೇಳಿದ್ದೀಯ. ಮಾತಿಗೇನು, ಆಡುತ್ತಾರೆ. ನೋಡುವುದಿಲ್ಲ. ಎರಡು ಮೂರು ವರ್ಷದಿಂದ ಹೀಗೇ. ಮೊನ್ನೆ ಕೈಯಲ್ಲಿ ಟೀ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ತಟ್ಟನೆ ಎದ್ದರು, ಮೊಣಕೈ ತಾಗಿ ಬಿಸಿ ಟೀಯೆಲ್ಲ ನನ್ನ ಮೈಮೇಲೆ. ‘ಬಂದಿದೀನಿ ಅಂತ ಹೇಳ್ಬಾರ್ದಾ?’ ಎಂದರು, ಸುಟ್ಟಿತಾ ಎಂದು ಕೇಳಲಿಲ್ಲ. ಅದಕ್ಕೂ ಮುಂಚೆ ಒಂದು ದಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ, ಇವರು ಸ್ಕೂಟರಿನಲ್ಲಿ ನನ್ನ ಮುಂದೆಯೇ ಹಾದುಹೋದರು. ಕೈಬೀಸಿದೆ. ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ‘ಪರಿಚಯದವ್ರಾ?’ ಎಂದು ಕೇಳಿದಳು. ಇಲ್ಲ ಎಂದೆ. ಮೊದಮೊದಲು ಇಂಥದಕ್ಕೆಲ್ಲ ಅಳು ಬರುತ್ತಿತ್ತು. ಈಗ ಬರುವುದಿಲ್ಲ. ಗಂಡಸರು ಆ ವಯಸ್ಸಿಗೆ ಗೋಡೆ ಗಡಿಯಾರದಂತಾಗುತ್ತಾರೆ, ಸದ್ದು ಬರುತ್ತಿದ್ದರೆ ಸಾಕು ಎಂದು ನೀನೇ ಹೇಳಿದ್ದೆಯಲ್ಲ. ಸದ್ದು ಬರುತ್ತಿದೆ.

ಭಾವನ ಮಂಡಿ ಹೇಗಿದೆ ಬರೆ. ಮಗಳಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ


ಜುಲೈ ೨

ಅಕ್ಕ,

ನಮಸ್ಕಾರ. ಈ ಸಲ ತಡ ಮಾಡಿಲ್ಲ, ನಿನ್ನ ಉತ್ತರಕ್ಕೂ ಕಾಯದೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಇಬ್ಬರೂ ನಡೆದಾಡಿಕೊಂಡೇ ಇದ್ದೇವೆ. ಆದರೆ ಒಂದು ಸಂಗತಿ ನಡೆದಿದೆ, ಅದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇವರು ಮುಂದಿನ ಕೋಣೆಯಿಂದ ಕರೆದರು. ‘ಒಂದು ನಿಮಿಷ ಬಾರೇ, ಜೊತೆಗೆ ಆಡಬೇಕು.’ ಕರೆದದ್ದು ಪ್ರೀತಿಯಿಂದಲ್ಲ. ಇಬ್ಬರು ಆಡಿದಾಗಲೂ ಮರಗಳು ಹೋಗುತ್ತವಾ ಎಂದು ಪರೀಕ್ಷೆ ಮಾಡಲು ಬೂದುಬೆಕ್ಕು ಹೇಳಿದ್ದರಂತೆ. ಕೈ ಒರೆಸಿಕೊಂಡು ಹೋಗಿ ಕೂತೆ. ಎಷ್ಟೋ ವರ್ಷದ ಮೇಲೆ ಆ ಗುಂಡಿಗಳ ಹಿಡಿಯನ್ನು ಹಿಡಿದದ್ದು. ಬೆರಳುಗಳಿಗೆ ಇನ್ನೂ ಗೊತ್ತಿತ್ತು. ನನ್ನ ಹಳದಿ ದೋಣಿ ಹೊರಟಿತು.

ನಾನು ಯಾವಾಗಲೂ ದಡದ ಪಕ್ಕದಲ್ಲೇ ಹೋಗುವವಳು, ಅಲ್ಲಿ ಸೆಳವು ಕಡಿಮೆ. ಬಲಗಡೆಯ ದಡ ಹಿಡಿದು ಹೋಗುತ್ತಿದ್ದೆ. ಇವರು ಒಮ್ಮೆಲೇ ಕೂಗಿದರು, ‘ನೋಡು, ನೋಡು! ನಿನ್ನ ದೋಣಿನೂ ಮಾಯ ಆಯ್ತು! ಅದೇ ದೋಷ!’ ದನಿಯಲ್ಲಿ ಖುಷಿಯಿತ್ತು. ಕಳ್ಳ ಸಿಕ್ಕಿಬಿದ್ದ ಹಾಗೆ.

‘ಎಲ್ಲಿ ಮಾಯ? ಇಲ್ಲೇ ಹೋಗ್ತಿದೀನಲ್ಲ.’

‘ಎಲ್ಲಿ?’ ಎಂದು ಕಣ್ಣು ಹೊರಳಿಸಿದರು. ‘ಹಾಂ, ಈಗ ಬಂತು.’

‘ಬಂದದ್ದಲ್ಲ ರೀ, ಇಲ್ಲೇ ಇತ್ತು.’

‘ಇರಲಿಲ್ಲ. ನಾನು ನೋಡ್ತಾನೇ ಇದ್ದೆ.’

‘ನೀವು ನೋಡಿದ್ದು ನಿಮ್ಮ ದೋಣಿನ.’

ಮಾತಿಗೆ ಮಾತು ಬೆಳೆಯಿತು. ನನಗೆ ಸಿಟ್ಟು ಬಂತು ಅಂತಲೂ ಅಲ್ಲ, ಬೇಸರ, ಬೇಗ ಮುಗಿಸಿ ಒಳಗೆ ಹೋಗಬೇಕಿತ್ತು. ಆಟವನ್ನು ನಿಲ್ಲಿಸಿದೆ. ಚಿತ್ರ ಇದ್ದಲ್ಲೇ ನಿಂತಿತು. ‘ನಿಮ್ಮ ದೋಣಿ ಮೇಲೇ ಕಣ್ಣಿಡಿ, ಆ ಕಡೆ ಈ ಕಡೆ ಹೊರಳಿಸ್ಬೇಡಿ’ ಎಂದು ಹೇಳಿ, ಬಲಗಡೆ ಅಂಚಿನ ಮರದ ಮೇಲೆ ನನ್ನ ಬೆರಳಿಟ್ಟೆ. ‘ನನ್ನ ಬೆರಳು ಎಲ್ಲಿದೆ?’

‘ಯಾವ ಬೆರಳು?’

ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಬೆರಳನ್ನು ನಿಧಾನವಾಗಿ ಒಳಗೆ ಎಳೆಯುತ್ತಾ ಬಂದೆ. ಒಂದು ಮರ, ಇನ್ನೊಂದು ಮರ, ನೀರಿನ ಅಂಚು. ಇವರ ದೋಣಿಯ ಸಮೀಪಕ್ಕೆ ಬಂದಾಗ ‘ಈಗ ಬಂತು’ ಎಂದರು. ಎಡಗಡೆಯಿಂದ ಮಾಡಿದೆ. ಅಲ್ಲಿಯೂ ಅಷ್ಟೇ.

ಅಕ್ಕ, ಆಗ ನಾನು ಮಾಡಿದ್ದನ್ನು ಯಾಕೆ ಮಾಡಿದೆನೋ ಗೊತ್ತಿಲ್ಲ. ಪರದೆಯನ್ನು ಆರಿಸಿದೆ. ಕಪ್ಪಾದ ಗಾಜಿನ ನಡುವೆ, ನನ್ನ ಜೇಬಿನಲ್ಲಿ ಯಾವಾಗಲೂ ಇರುವ ಲಾಂಡ್ರಿಯಲ್ಲಿ ಬಟ್ಟೆಗೆ ಅಂಟಿಸುವ ಬಿಳಿ ಗುರುತುಚೀಟಿಯೊಂದನ್ನು ಅಂಟಿಸಿದೆ. ‘ಇದನ್ನೇ ನೋಡಿ’ ಎಂದೆ. ಮತ್ತೆ ಅಂಚಿನಿಂದ ಬೆರಳು ತಂದೆ. ಮತ್ತೆ ಅದೇ ಜಾಗ. ಆಟವಿಲ್ಲ, ಮರವಿಲ್ಲ, ಕರೆಂಟೇ ಇಲ್ಲ. ಬೆರಳು ಮಾತ್ರ. ಇವರಿಗೆ ಕಾಣಿಸಿದ್ದು ಅಲ್ಲಿಂದಲೇ.

‘ಇನ್ನೊಂದ್ಸಲ ಮಾಡು’ ಎಂದರು. ಮಾಡಿದೆ. ‘ಇನ್ನೊಂದ್ಸಲ.’ ಮಾಡಿದೆ.

ತಾವೇ ತಮ್ಮ ಬೆರಳನ್ನು ಅಂಚಿನಿಂದ ಒಳಗೆ ತಂದು ನೋಡಿದರು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಬರುತ್ತಿತ್ತು. ಆಮೇಲೆ ಇವರು ಹೇಳಿದ್ದು ಇಷ್ಟು: ‘ಹಾಗಾದ್ರೆ ಎಮ್ಯುಲೇಟರ್ ಸರಿಯಾಗೇ ಇದೆ.’

ಪರದೆ ಹಚ್ಚಿ, ಚೀಟಿ ಕಿತ್ತು, ಬೂದುಬೆಕ್ಕಿಗೆ ಬರೆದರು. ನಾನು ಪಕ್ಕದಲ್ಲೇ ಇದ್ದೆ, ಓದಿದೆ. ‘ತೊಂದರೆ ಎಲ್ಲಿದೆಯೆಂದು ಸಿಕ್ಕಿತು. ಅದು ನಿಮ್ಮ ಕಡೆಯದಲ್ಲ. ನಿಮ್ಮ ಸಮಯ ತೆಗೆದುಕೊಂಡದ್ದಕ್ಕೆ ಕ್ಷಮಿಸಿ.’ ಗಿರಾಕಿಗೆ ಬರೆಯುವ ಹಾಗೇ ಬರೆದರು.

ಮರುದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖವಿಟ್ಟು ಕೂರಬೇಕು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಹೊರಗೆ ಬಂದು ‘ಇದೂ ಆಟವೇ ಕಣೇ, ಸೋತೆ ಅನ್ಸುತ್ತೆ’ ಎಂದರು. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ತೋರಿಸಿದರು. ಎರಡೂ ಕಣ್ಣಿಗೆ ಸುತ್ತಲೂ ಕಪ್ಪು, ನಡುವೆ ಅಂಗೈಯಷ್ಟು ಬಿಳಿ. ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಹೊರಗಿನಿಂದ ಒಳಕ್ಕೆ ಸಾಯುತ್ತಾ ಬರುತ್ತದೆ, ನೋವಿರುವುದಿಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ.

‘ಕೂದಲಿನಂಥ ತಂತಿ ಬೆಸೀತೀನಲ್ಲ ಡಾಕ್ಟ್ರೇ’ ಎಂದರು ಇವರು.

‘ನಡುವಿನದು ಕೊನೇಲಿ ಹೋಗೋದು. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಮುಂದೆ ಇರೋದು ಚೆನ್ನಾಗೇ ಕಾಣುತ್ತೆ, ಪಕ್ಕದ್ದನ್ನ ಮಿದುಳೇ ಅಂದಾಜಲ್ಲಿ ತುಂಬಿಸ್ಕೊಡುತ್ತೆ. ಕಪ್ಪು ಅಂತೇನೂ ಕಾಣಲ್ಲ. ಮನೆಯವ್ರು ನಮ್ಮ ಕಡೆ ಗಮನಾನೇ ಕೊಡಲ್ಲ ಅಂತ ಬೈತಿರ್ತಾರೆ, ಅಷ್ಟೇ.’ ಹೀಗೆ ಹೇಳಿ ಡಾಕ್ಟರಮ್ಮ ನನ್ನ ಕಡೆ ನೋಡಿ ಮುಗುಳ್ನಕ್ಕರು. ನಾನೂ ನಕ್ಕೆ.

‘ಸರಿ ಹೋಗುತ್ತಾ?’ ಎಂದು ಇವರು ಕೇಳಿದರು.

‘ಹೋಗಿರೋ ನೋಟ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋದು ನಮ್ಮ ಕೈಲಿದೆ.’

ದಿನಾ ಹನಿ ಔಷಧಿ. ಮುಂದಿನ ವಾರ ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ ಸಣ್ಣ ಆಪರೇಷನ್, ಒತ್ತಡ ಇಳಿಸಲು. ಸ್ಕೂಟರು ಮುಟ್ಟಕೂಡದು. ಇಷ್ಟು ದಿನ ಯಾರ ಮೇಲೂ ಹತ್ತಿಸದೆ ಬಂದದ್ದು ದೊಡ್ಡದು ಎಂದರು.

ಬರುವಾಗ ಬಸ್ಸಿನಲ್ಲಿ ಕೂತು ಬಸ್‌ಸ್ಟಾಪಿನ ದಿನವನ್ನು ನೆನೆದೆ, ಟೀ ಚೆಲ್ಲಿದ್ದನ್ನು ನೆನೆದೆ. ಇನ್ನೂ ಎಷ್ಟೋ ಇವೆ, ನಿನಗೆ ಬರೆಯದೇ ಇದ್ದವು. ಒಂದೊಂದನ್ನೂ ತೆಗೆದು, ಇದು ಕಣ್ಣು, ಇದೂ ಕಣ್ಣು ಎಂದು ಪಕ್ಕಕ್ಕಿಟ್ಟೆ. ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಅಥವಾ ಕನಿಕರ ಉಕ್ಕಬೇಕಿತ್ತು. ಕಿಟಕಿಯ ಆಚೆ ಅಂಗಡಿಗಳ ಬೋರ್ಡು ಓದುತ್ತಾ ಬಂದೆ. ದಣಿವಿರಬೇಕು ಎಂದುಕೊಂಡೆ. ಮನೆ ಮುಟ್ಟಿದ ಮೇಲೆ ಅನ್ನಿಸಬಹುದು ಎಂದುಕೊಂಡೆ.

ನಿನಗೆ ಕಿವಿ, ಇವರಿಗೆ ಕಣ್ಣು. ನಮ್ಮ ಮನೆತನಕ್ಕೆ ಸೇರಿದವರೆಲ್ಲ ಒಂದೊಂದು ಬಾಗಿಲು ಮುಚ್ಚಿಕೊಳ್ಳುತ್ತಿದ್ದೀರಿ. ಭಾವನಿಗೂ ಒಮ್ಮೆ ಕಣ್ಣು ತೋರಿಸು, ಮರೆಯಬೇಡ. ನಿನ್ನ ಹಾರೈಕೆ ಬೇಕು.

ನಿನ್ನ ತಂಗಿ


ಸೆಪ್ಟೆಂಬರ್ ೧೪

ಪ್ರೀತಿಯ ಅಕ್ಕನಿಗೆ,

ನಮಸ್ಕಾರಗಳು. ನಿನ್ನ ಎರಡೂ ಕಾಗದ ತಲುಪಿದವು. ತಡವಾದದ್ದಕ್ಕೆ ಆಪರೇಷನ್, ಆಸ್ಪತ್ರೆ ಎಂದು ಕಾರಣ ಬರೆಯಬಹುದು. ಅದೆಲ್ಲ ಮುಗಿದು ಬಹಳ ದಿನವಾಯಿತು, ನಾನೇ ಬರೆಯಲಿಲ್ಲ. ಎರಡು ಕಣ್ಣಿಗೂ ಚೆನ್ನಾಗಿ ಆಗಿದೆ. ಒತ್ತಡ ಇಳಿದಿದೆ, ಇದ್ದಷ್ಟು ನೋಟ ಇದ್ದ ಹಾಗೇ ಇದೆ. ನೀನು ಹೊತ್ತ ಹರಕೆಯನ್ನು ತೀರಿಸಿಬಿಡು, ಅದರ ಪಾಲಿಗೆ ಅದು ಕೆಲಸ ಮಾಡಿದೆ.

ಇವರು ತಮ್ಮನ್ನೇ ರಿಪೇರಿಗೆ ಬಂದ ವಸ್ತುವಿನಂತೆ ನೋಡಿಕೊಳ್ಳುತ್ತಿದ್ದಾರೆ. ಮೆಟ್ಟಿಲುಗಳ ಅಂಚಿಗೆಲ್ಲ ಬಿಳಿ ಬಣ್ಣ ಬಳಿದರು. ಕಪಾಟಿನ ಬಾಗಿಲುಗಳನ್ನು ಕಿತ್ತುಹಾಕಿದರು, ಹಣೆಗೆ ಹೊಡೆಯುತ್ತವೆಂದು. ಹೊಸಲಿನಲ್ಲಿ ನಿಂತು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಆಮೇಲೆ ಕೆಳಕ್ಕೆ ಕತ್ತು ತಿರುಗಿಸಿ ನೋಡಿ ಕಾಲಿಡುತ್ತಾರೆ. ದಿನಾ ಸಂಜೆ ನಾನೇ ಹನಿ ಹಾಕಬೇಕು. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕೂರುತ್ತಾರೆ, ನಾನು ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿಯುತ್ತೇನೆ. ಗೇಣು ದೂರದಲ್ಲಿ ಆ ಕಣ್ಣು ನನ್ನನ್ನೇ ನೋಡುತ್ತಿರುತ್ತದೆ, ಅಲುಗದೆ. ಹನಿ ಬಿದ್ದ ಮೇಲೆ ‘ಸಾಕು, ಮುಚ್ಚಿ’ ಎನ್ನುತ್ತೇನೆ.

ಮತ್ತೆ ಆಟಕ್ಕೆ ಕೂತರು. ಆಟ ಬಿಟ್ಟೇಬಿಟ್ಟರೆಂದು ನಾನು ಅಂದುಕೊಂಡಿದ್ದೆ. ‘ಎಮ್ಯುಲೇಟರ್ ಸರಿ ಇದ್ರೂ ಮರ ಕಾಣ್ತಿಲ್ಲ ತಾನೇ? ಹಾಗಾದ್ರೆ ಕೆಲಸ ಮುಗಿದಿಲ್ಲ’ ಎಂದರು. ಬೂದುಬೆಕ್ಕಿಗೂ ನಿಜ ಸಂಗತಿ ತಿಳಿಸಿದರು. ಎರಡು ದಿನ ಕಳೆಯಿತು. ಆಮೇಲೆ ಉದ್ದನೆಯ ಉತ್ತರ. ತಮ್ಮ ತಾಯಿಗೂ ಇದೇ ಆಗಿತ್ತೆಂದು, ಚಿತ್ರವನ್ನು ಪರದೆಯ ತುಂಬ ಹಿಗ್ಗಿಸುವ ಬದಲು ಕುಗ್ಗಿಸಿ ನೋಡಿ ಎಂದು. ಅಲ್ಲಿಯವರೆಗೂ ದೊಡ್ಡದು ಮಾಡುವುದೇ ಸುಧಾರಣೆ ಎಂದುಕೊಂಡಿದ್ದರು ನಮ್ಮವರು. ಸೆಟ್ಟಿಂಗ್ ಒಂದೊಂದಾಗಿ ಇಳಿಸಿದರು. ಕುರ್ಚಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಎಳೆದರು. ಕೊನೆಗೆ ಪರದೆಯ ನಡುವೆ ಅಂಚೆ ಕಾರ್ಡಿಗಿಂತ ಸ್ವಲ್ಪ ದೊಡ್ಡದಾದ ಚಿತ್ರ, ಸುತ್ತಲೂ ಕಪ್ಪು, ಕುರ್ಚಿ ಹೋಗಿ ಬಾಗಿಲಿಗೆ ತಾಗಿತ್ತು.

ನಾನು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ‘ಬಾರೇ! ಬೇಗ ಬಾ! ಎಲ್ಲಾ ಮರ ಬಂತು ಕಣೇ!’ ಎಂದು ಕೂಗಿದರು. ಆ ಕೂಗು ಕೇಳಿ ಓಡಿದೆ, ಏನಾಯಿತೋ ಎಂದು. ಬಾಗಿಲು ತೆರೆಯಲಾಗಲಿಲ್ಲ, ಒಳಗೆ ಕುರ್ಚಿ ಅಡ್ಡ. ಸಂದಿಯಿಂದ ನೋಡಿದೆ, ಇವರು ನನ್ನ ಕಡೆ ಕತ್ತು ತಿರುಗಿಸಿದರು. ನಿನಗೆ ಹೇಗೆ ಹೇಳಲಿ ಅಕ್ಕ, ಆ ಮುಖ ನಮ್ಮ ಮದುವೆಯ ವರ್ಷದ ಮುಖವಾಗಿತ್ತು. ಕೆಂಪು ದೋಣಿ ಬೆರಳುಗುರಿನಷ್ಟಾಗಿತ್ತು, ಎರಡು ಕಡೆಯೂ ಮರಗಳು ಸಾಸಿವೆಯ ಹಾಗೆ. ‘ಒಂದೂ ತಪ್ಪಿಲ್ಲ! ಎಡಗಡೆ, ಬಲಗಡೆ, ಎಲ್ಲಾ ಇವೆ!’

‘ಒಳ್ಳೇದಾಯ್ತು’ ಎಂದೆ. ನನ್ನ ಕೈಯಿಂದ ಸೋಪಿನ ನೀರು ಹೊಸಲ ಮೇಲೆ ತೊಟ್ಟಿಕ್ಕುತ್ತಿತ್ತು. ಹೊಸಲು ಒರೆಸಿ ಮತ್ತೆ ಹಿತ್ತಿಲಿಗೆ ಹೋದೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದರು, ‘ಇಷ್ಟು ವರ್ಷ ನೀನು ಪಕ್ಕದಲ್ಲಿದ್ರೂ ನಾನು ನೋಡ್ದೇ ಹೋಗಿರೋದು ಎಷ್ಟು ಸಲವೋ.’

‘ಹೋಗ್ಲಿ ಬಿಡಿ.’

‘ಹೇಳ್ಬಾರ್ದಿತ್ತಾ?’

‘ಏನಂತ ಹೇಳ್ಬೇಕಿತ್ತು?’

ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೈ ಚಾಚಿ, ಮೇಜಿನ ಮೇಲೆ ತಡಕಾಡಿ, ನನ್ನ ಕೈ ಸಿಕ್ಕಿದ ಮೇಲೆ ಹಿಡಿದುಕೊಂಡರು. ‘ನಿನಗೆ ಬಹಳ ಬೇಜಾರಾಗಿರ್ಬೇಕು’ ಎಂದರು. ಈ ಮಾತನ್ನು ಕೇಳಲು ನಾನು ಎಷ್ಟು ಕಾದಿದ್ದೆ ಎಂಬುದು ನಿನಗೆ ಗೊತ್ತಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಹಿಡಿದ ಕೈಯಲ್ಲಿ ಅನ್ನದ ಅಗುಳು ಅಂಟಿತ್ತು. ಅದು ಒಣಗುತ್ತಿರುವುದು ನನಗೆ ತಿಳಿಯುತ್ತಿತ್ತು. ‘ಅನ್ನ ಆರುತ್ತೆ, ಊಟ ಮಾಡಿ’ ಎಂದೆ.

ಈಗ ದಿನಾ ನಾನು ಬರುವ ಹೊತ್ತಿಗೆ ಬಸ್‌ಸ್ಟಾಪಿಗೆ ಬಂದು ನಿಂತಿರುತ್ತಾರೆ. ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಾರೆ, ತಲೆ ಆಚೆ ಈಚೆ ತಿರುಗಿಸುತ್ತಾ. ನಾನು ಸಿಕ್ಕಿದಾಗ ಮುಖ ಅರಳುತ್ತದೆ. ಅಕ್ಕಪಕ್ಕದವರು ನನ್ನ ಪುಣ್ಯ ಎನ್ನುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನೀನೂ ಬರೆದಿದ್ದೀಯ. ಬುದ್ಧಿ ಇವರಿಗೆ ಯಾವಾಗಲೂ ಇತ್ತು ಅಕ್ಕ, ಪಾಪ, ಹಾಗೆನ್ನಬೇಡ.

ಭಾವನ ಕಣ್ಣು ಸರಿಯಾಗಿದೆ ಎಂದು ಓದಿ ನೆಮ್ಮದಿಯಾಯಿತು. ಮಗಳ ಹೊಸ ಕೆಲಸ ನಿಲ್ಲಲಿ, ಒಳ್ಳೆಯ ಜನ ಸಿಗಲಿ, ಎಲ್ಲಿದ್ದರೂ ತಂಪಾಗಿರಲಿ. ನಿಮ್ಮ ಮನೆಯ ದೀಪ ಯಾವಾಗಲೂ ಉರಿಯುತ್ತಿರಲಿ. ಹಿರಿಯಳು ನೀನು, ನನ್ನ ತಲೆಯ ಮೇಲೆ ಕೈಯಿಟ್ಟೆ ಎಂದುಕೊಳ್ಳುತ್ತೇನೆ.

ನಿನ್ನ ತಂಗಿ

ತಾ.ಕ.: ಲಕೋಟೆಗೆ ಹಾಕಿದ ಮೇಲೆ ಮತ್ತೆ ಹೊರಗೆ ತೆಗೆದೆ. ಇದನ್ನು ಭಾವನಿಗೆ ಓದಿ ಹೇಳಬೇಡ.

ಲಾಂಡ್ರಿಯ ಮಹಡಿಯ ಮೇಲೆ ಒಂದು ಕೋಣೆಯಿದೆ. ಒಂದು ಮಂಚ, ಒಂದು ಕಿಟಕಿ, ಮೂಲೆಯಲ್ಲಿ ನಲ್ಲಿ. ಕೆಳಗಿನ ಉಗಿಯಿಂದ ನೆಲ ಯಾವಾಗಲೂ ಬೆಚ್ಚಗಿರುತ್ತದೆ. ಮೇ ತಿಂಗಳಲ್ಲಿ ನಾನು ಅದನ್ನು ದೊಡ್ಡಮ್ಮನ ಹತ್ತಿರ ಬಾಡಿಗೆಗೆ ಕೇಳಿ ತೆಗೆದುಕೊಂಡೆ. ಎರಡು ಜೊತೆ ಬಟ್ಟೆ, ಒಂದು ಪಾತ್ರೆ ಒಯ್ದು ಇಟ್ಟಿದ್ದೆ. ಜುಲೈ ಮೊದಲ ವಾರ ಹೊರಡುವುದೆಂದು ಇತ್ತು. ಇವರು ಕುಡಿಯುವವರಲ್ಲ, ಹೊಡೆಯುವವರಲ್ಲ. ನನ್ನನ್ನು ನೋಡುವುದಿಲ್ಲ, ಅದೊಂದೇ ಕಾರಣ. ಬೇರೆ ಕಾರಣ ಹುಡುಕಿದರೂ ಸಿಗಲಿಲ್ಲ.

ಈಗ ಆ ಕಾರಣವೂ ಇಲ್ಲ. ‘ಏನಮ್ಮ, ಇನ್ನು ಬೇರೆಯವ್ರಿಗೆ ಕೊಡ್ಲಾ?’ ಎಂದು ದೊಡ್ಡಮ್ಮ ಹೋದ ವಾರ ಕೇಳಿದರು. ಕೊಡಿ ಎನ್ನಲು ಬಾಯಿ ತೆರೆದೆ. ‘ಇರ್ಲಿ ದೊಡ್ಡಮ್ಮ’ ಎಂದೆ. ಬಸ್‌ಸ್ಟಾಪಿನಲ್ಲಿ ಇವರ ಕಣ್ಣು ನನ್ನನ್ನು ಕಂಡಾಗ ನನ್ನ ಮುಖ ತಾನಾಗಿ ನಗುತ್ತದೆ. ಒಳಗಿನಿಂದ ಏನೂ ಬರುವುದಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಎರಡು ತಿಂಗಳು ಕಾದೆ. ಆ ನೋಟಕ್ಕೆ ಹಂಬಲಿಸುತ್ತಿದ್ದವಳು ಯಾವಾಗ ಹೊರಟುಹೋದಳೋ, ನನಗೂ ಹೇಳಲಿಲ್ಲ. ನಿನ್ನೆ ಊಟದ ಬಿಡುವಿನಲ್ಲಿ ಮೇಲೆ ಹೋಗಿ ಆ ಮಂಚದ ಮೇಲೆ ಸುಮ್ಮನೆ ಒರಗಿದೆ. ಗಾಢ ನಿದ್ದೆ ಬಂದುಬಿಟ್ಟಿತು. ದೊಡ್ಡಮ್ಮ ಬಂದು ಅಲುಗಿಸಿ ಎಬ್ಬಿಸಬೇಕಾಯಿತು.

ಇದಕ್ಕೆ ನೀನು ಏನು ಹೇಳಿದರೂ ಕೇಳುತ್ತೇನೆ. ಬೈದರೂ ಸರಿ. ಆದರೆ ಈ ಸಲ ಉತ್ತರವನ್ನು ಲಾಂಡ್ರಿಯ ವಿಳಾಸಕ್ಕೆ ಬರೆ.